ಇಟಲಿಯ ಗಂಡ, ಸ್ಪೇನಿನ ಮನೆ, ನನ್ನ ಕಾರ್ಡ್

ನಾನು ಮೈಸೂರಿನವಳು, ಗಂಡ ಇಟಲಿಯವರು, ಸಂಸಾರ ಸ್ಪೇನಿನಲ್ಲಿ. ಐರೋಪ್ಯ ಒಕ್ಕೂಟದ ಪ್ರಜೆಯ ಮನೆಯವರಿಗೆ ಸ್ಪೇನ್ ಕೊಡುವ ವಾಸದ ಕಾರ್ಡ್ ನನಗೂ ಬೇಕಿತ್ತು. ಮೂರು ದೇಶದ ಕಾಗದಪತ್ರಗಳು ಒಂದೇ ಫೈಲಿಗೆ ಬರಬೇಕಾಗಿದ್ದರಿಂದ ಈ ಕಾರ್ಡಿನ ವಿಷಯವನ್ನು ನಾನು ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಓದಿಕೊಳ್ಳಬೇಕಾಯಿತು. ನಮ್ಮ ಕಡೆಯ ಹುಡುಗಿಯರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿಗೆ ಗಟ್ಟಿಯಾಗಿ ಹತ್ತಬೇಕು. ಐರೋಪ್ಯ ಒಕ್ಕೂಟದ ಒಂದು ದೇಶದ ಪ್ರಜೆ ಒಕ್ಕೂಟದ ಇನ್ನೊಂದು ದೇಶದಲ್ಲಿ ನೆಲೆಸಿದರೆ, ಜೊತೆಗಿರುವ ಹಕ್ಕು ಹೆಂಡತಿಗೆ ಅಥವಾ ಗಂಡನಿಗೆ ಕಾನೂನಿನಿಂದಲೇ ಬರುತ್ತದೆ. ಒಕ್ಕೂಟದ ಕಾನೂನಾದ 2004ರ 38ನೇ ನಿರ್ದೇಶನ ಹೇಳುವುದು ಇದನ್ನೇ. ಕಾರ್ಡ್ ಆ ಹಕ್ಕನ್ನು ಕೊಡುವುದಿಲ್ಲ, ಇದ್ದ ಹಕ್ಕಿಗೆ ದಾಖಲೆಯಾಗುತ್ತದೆ ಅಷ್ಟೆ. ಇದು ಗೊತ್ತಿದ್ದರೆ ಕೌಂಟರಿನ ಮುಂದೆ ಕೈಮುಗಿದು ನಿಲ್ಲುವ ಅಗತ್ಯ ಬೀಳುವುದಿಲ್ಲ. ಕೇಳಿದ ದಾಖಲೆ ಕೊಡಬೇಕು, ಕೇಳಬಾರದ್ದನ್ನು ಕೇಳಿದರೆ ನಯವಾಗಿ ನಿಯಮ ತೋರಿಸಬೇಕು.

ಆದರೆ ಗಂಡ ತನ್ನ ಸ್ವಂತ ದೇಶದಲ್ಲೇ ಇದ್ದರೆ ಈ ನಿರ್ದೇಶನ ಅನ್ವಯಿಸುವುದಿಲ್ಲ, ಆಯಾ ದೇಶದ ಕಾನೂನೇ ನಡೆಯುತ್ತದೆ. ಬೇರೆ ದೇಶದಲ್ಲಿ ದುಡಿದು, ಸಂಸಾರ ಮಾಡಿ, ತಾಯ್ನಾಡಿಗೆ ಮರಳುವವರಿಗೆ ಮಾತ್ರ ಒಂದು ದಾರಿ ಉಂಟು. ಆ ದಾರಿ ತೆರೆದದ್ದು ಭಾರತೀಯರೊಬ್ಬರ ಪ್ರಕರಣ: ಬ್ರಿಟಿಷ್ ಹೆಂಡತಿಯ ಜೊತೆ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದ ಸುರಿಂದರ್ ಸಿಂಗ್ ಅವರ ವಿಷಯದಲ್ಲಿ ಐರೋಪ್ಯ ನ್ಯಾಯಾಲಯ 1992ರಲ್ಲಿ ಕೊಟ್ಟ ತೀರ್ಪು. ನಮ್ಮವರೊಬ್ಬರ ಹೋರಾಟದ ಫಲವನ್ನು ಇವತ್ತಿಗೂ ಎಷ್ಟೋ ಕುಟುಂಬಗಳು ಉಣ್ಣುತ್ತಿವೆ ಅನ್ನುವುದು ನನಗೆ ಹೆಮ್ಮೆ.

ಇನ್ನು ಕಾಗದದ ಕೆಲಸ. ಇಡೀ ಅರ್ಜಿ ನಿಲ್ಲುವುದು ಮದುವೆ ಸರ್ಟಿಫಿಕೇಟಿನ ಮೇಲೆ. ನಮ್ಮದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮೈಸೂರಿನಲ್ಲೇ ನೋಂದಣಿಯಾದ ಮದುವೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಹಾಕಿದ ಮೇಲೆ 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಛತ್ರದಲ್ಲಿ ಎಷ್ಟೇ ಜೋರಾಗಿ ಮದುವೆಯಾಗಿದ್ದರೂ ವಿದೇಶದ ಕಚೇರಿಗೆ ಬೇಕಾಗಿರುವುದು ಈ ಒಂದು ಹಾಳೆ.

ಆ ಹಾಳೆಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಅಕ್ಷರಕ್ಕೆ ಅಕ್ಷರ ಇರಲಿ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ, ಅದನ್ನೇ ಬಿಡಿಸಿ ಬರೆದ ಊರಿನ ಹೆಸರು ಅಥವಾ ಅಪ್ಪನ ಹೆಸರು ಇನ್ನೊಂದು ಕಡೆ ಇರುವುದು ಮಾಮೂಲು. ಸ್ಪೇನಿನ ಅರ್ಜಿಯಲ್ಲಿ ಮನೆತನದ ಮೊದಲ ಹೆಸರು, ಎರಡನೆಯ ಹೆಸರು, ಸ್ವಂತ ಹೆಸರು ಎಂದು ಮೂರು ಬೇರೆ ಬೇರೆ ಖಾನೆಗಳಿವೆ. ‘ಎಂ.ಎಸ್.’ ಅಂದರೆ ಯಾರು ಎಂದು ಅಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು? ಮದುವೆಯಾದ ತಕ್ಷಣ ಗಂಡನ ಮನೆತನದ ಹೆಸರು ಸೇರಿಸಿಕೊಳ್ಳುವ ಅವಸರವೂ ಬೇಡ. ಸ್ಪೇನಿನಲ್ಲಾಗಲಿ ಇಟಲಿಯಲ್ಲಾಗಲಿ ಹೆಂಗಸರು ಮದುವೆಯ ನಂತರವೂ ದಾಖಲೆಗಳಲ್ಲಿ ಹುಟ್ಟುಹೆಸರನ್ನೇ ಉಳಿಸಿಕೊಳ್ಳುತ್ತಾರೆ.

ಸರ್ಟಿಫಿಕೇಟಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಅಸಲಿ ಎಂದು ಒಪ್ಪಿಕೊಳ್ಳಲು ಹಾಕುವ ಮುದ್ರೆಯೇ ಅಪೋಸ್ಟಿಲ್. ಇದರ ಒಪ್ಪಂದ ಭಾರತಕ್ಕೆ 2005ರಿಂದ ಜಾರಿಯಲ್ಲಿದೆ. ಈಗ ಬೆಂಗಳೂರಿನಲ್ಲೇ ಈ ಕೆಲಸ ಆಗುತ್ತದೆ, ದೆಹಲಿಗೆ ಕಳಿಸಬೇಕಿಲ್ಲ. ದಯವಿಟ್ಟು ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಜೋಪಾನ ಮಾಡುವ ಆಸೆಯಿಂದ ಅಪ್ಪಂದಿರು ಮೊದಲು ಮಾಡಿಸುವ ಕೆಲಸವೇ ಅದು, ಆಮೇಲೆ ಅದರ ಮೇಲೆ ಸೀಲೂ ಕೂರುವುದಿಲ್ಲ, ಸ್ಟಿಕ್ಕರೂ ಕೂರುವುದಿಲ್ಲ. ಸ್ಪೇನಿಗೆ ಕೊಡಬೇಕಾದರೆ ಸರ್ಕಾರದ ಮಾನ್ಯತೆ ಪಡೆದ ಭಾಷಾಂತರಕಾರರಿಂದ ಸ್ಪ್ಯಾನಿಷ್ ಅನುವಾದವೂ ಬೇಕು. ಅಪೋಸ್ಟಿಲನ್ನೂ ಸೇರಿಸಿ ಅನುವಾದ ಮಾಡಿಸಿ.

ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕಾಗದ ಮಾತ್ರ ಬೇರೆಯೇ. ಇಟಲಿಯವರು ಹೊರದೇಶದಲ್ಲಿ ಮದುವೆಯಾದರೆ ಅದನ್ನು ತಮ್ಮ ಊರಿನ ಪುರಸಭೆಯ ದಫ್ತರದಲ್ಲಿ ಬರೆಸಬೇಕು. ಬರೆಸಿದ ಮೇಲೆ ಅಲ್ಲಿಂದ ಹಲವು ಭಾಷೆಗಳಲ್ಲಿ ಅಚ್ಚಾದ ಮದುವೆ ಪ್ರತಿ ಸಿಗುತ್ತದೆ. 1976ರ ವಿಯೆನ್ನಾ ಒಪ್ಪಂದದ ಪ್ರಕಾರ ಸ್ಪೇನಿನಲ್ಲಿ ಅದಕ್ಕೆ ಅಪೋಸ್ಟಿಲೂ ಬೇಡ, ಅನುವಾದವೂ ಬೇಡ. ಮೈಸೂರಿನ ಸರ್ಟಿಫಿಕೇಟನ್ನೂ ಜೊತೆಗಿಟ್ಟಿದ್ದೆ. ಅಧಿಕಾರಿ ಮೊದಲು ಕೈಗೆತ್ತಿಕೊಂಡದ್ದು, ಓದಿ ತಲೆಯಾಡಿಸಿದ್ದು ಇಟಲಿಯ ಪ್ರತಿಯನ್ನೇ.

ಸ್ಪೇನಿಗೆ ಹೊರಡುವ ಮುಂಚೆ ತುಂಬುವ ವೀಸಾ ಅರ್ಜಿಯಲ್ಲಿ ಕೆಲವು ಪ್ರಶ್ನೆಗಳ ಪಕ್ಕ ನಕ್ಷತ್ರದ ಗುರುತಿದೆ. ಒಕ್ಕೂಟದ ಪ್ರಜೆಯ ಮನೆಯವರು ಅವನ್ನು ತುಂಬಬೇಕಿಲ್ಲ. ಉದ್ಯೋಗ ಏನು, ಖರ್ಚು ಯಾರದು, ಎಲ್ಲಿ ಇಳಿದುಕೊಳ್ಳುತ್ತೀರಿ, ಇಂಥವೇ ಅವು. ವೀಸಾ ಶುಲ್ಕವೂ ಇಲ್ಲ. ಏಜೆಂಟರು ಹೋಟೆಲ್ ಬುಕಿಂಗ್, ಇನ್ಶೂರೆನ್ಸ್ ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಸ್ಪೇನಿಗೆ ಬಂದಿಳಿದ ಮೂರು ತಿಂಗಳೊಳಗೆ ಕಾರ್ಡಿಗೆ ಅರ್ಜಿ ಹಾಕಬೇಕು. ಗಂಡನ ಹೆಸರು ಒಕ್ಕೂಟದ ಪ್ರಜೆಯಾಗಿ ಅಲ್ಲಿ ಮೊದಲೇ ನೋಂದಣಿಯಾಗಿರಬೇಕು. ಇಬ್ಬರ ವಿಳಾಸವೂ ನಗರಸಭೆಯ ನಿವಾಸಿಗಳ ಪಟ್ಟಿಗೆ ಏರಿರಬೇಕು. ಆಮೇಲೆ ಕೊಡಬೇಕಾದವು ಈ ಕಾರ್ಡಿಗೆಂದೇ ಇರುವ ಇಎಕ್ಸ್-19 ಎಂಬ ಅರ್ಜಿ ನಮೂನೆ, ಪಾಸ್‌ಪೋರ್ಟ್, ಮದುವೆಯ ದಾಖಲೆ, ಗಂಡನ ನೋಂದಣಿ ಪತ್ರ, ಅವರ ಕೆಲಸದ ಕರಾರು. ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಬಂದ ವಾರದಲ್ಲೇ ಹುಡುಕಲು ಶುರುಮಾಡಿ. ನನ್ನನ್ನು ಒಂದು ಕೌಂಟರಿನಲ್ಲಿ ಗಂಡನ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು. ನೌಕರಿಯಲ್ಲಿ ಇರುವವರಿಗೆ ಅದು ಬೇಕಿಲ್ಲ, ದುಡಿಮೆಯ ಪುರಾವೆ ಸಾಕು. ಆ ನಿರ್ದೇಶನವನ್ನು ಸ್ಪೇನಿನಲ್ಲಿ ಜಾರಿಗೆ ತಂದ 2007ರ 240ನೇ ರಾಜಾಜ್ಞೆಯ ಆ ಪುಟವನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೆ, ಮುಂದೆ ಇಟ್ಟೆ. ಕೌಂಟರಿನಲ್ಲಿದ್ದ ಅಧಿಕಾರಿ ಓದಿದರು, ಸರಿ ಎಂದರು, ಅರ್ಜಿಗೆ ಸೀಲು ಒತ್ತಿದರು.

ಅರ್ಜಿ ಕೊಟ್ಟ ಕೂಡಲೇ ಸಿಗುವ ಸ್ವೀಕೃತಿ ಚೀಟಿಯನ್ನು ಒಡವೆಯ ಹಾಗೆ ಕಾಪಾಡಿ. ಕಾರ್ಡ್ ಬರುವ ತನಕ ನಿಮ್ಮ ವಾಸಕ್ಕೆ ಅದೇ ಆಧಾರ. ಕೆಲಸ ಮಾಡುವ ಹಕ್ಕು ಕಾನೂನಿನಲ್ಲೇ ಇದೆ, ಆದರೂ ಬ್ಯಾಂಕಿನವರು, ಕೆಲಸ ಕೊಡುವವರು ಕಾರ್ಡನ್ನೇ ನೋಡಲು ಬಯಸುತ್ತಾರೆ. ಆ ಮಧ್ಯಂತರದಲ್ಲಿ ಊರಿಗೆ ಬಂದು ಹೋಗುವ ಯೋಜನೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಮಂಜೂರಾದ ಮೇಲೆ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಡಬೇಕು, ಆಮೇಲೆ ಕಾರ್ಡ್ ಕೈಗೆ.

ಕಾರ್ಡಿನ ಅವಧಿ ಐದು ವರ್ಷ. ವರ್ಷಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ಊರ್ಜಿತವಾಗಿ ಉಳಿಯುವುದಿಲ್ಲ. ಆದರೆ ಬಸಿರು, ಹೆರಿಗೆ, ಗಂಭೀರ ಕಾಯಿಲೆ, ಓದು ಇಂಥ ಕಾರಣಗಳಿಗೆ ಒಂದು ಬಾರಿ ಸತತ 12 ತಿಂಗಳವರೆಗೆ ಹೊರಗಿರಬಹುದು. ಬಾಣಂತನಕ್ಕೆ ತವರಿಗೆ ಬರುವ ನಮ್ಮ ಹೆಣ್ಣುಮಕ್ಕಳಿಗೆ ಇದು ತುಂಬ ಮುಖ್ಯ. ಆಸ್ಪತ್ರೆಯ ಕಾಗದ, ವಿಮಾನದ ಟಿಕೆಟ್ ಯಾವುದನ್ನೂ ಬಿಸಾಡಬೇಡಿ.

ಇನ್ನೊಂದನ್ನು ಫೋನ್ ಮಾಡಿದ ಪ್ರತಿಯೊಬ್ಬಳಿಗೂ ಹೇಳುತ್ತೇನೆ. ಮದುವೆ ಮುರಿದರೆ ದೇಶ ಬಿಡಲೇಬೇಕು ಎಂದು ಹೆದರಿ ಹಿಂಸೆ ಸಹಿಸಿಕೊಂಡು ಇರುವವರಿದ್ದಾರೆ. ವಿಚ್ಛೇದನದ ಅರ್ಜಿ ಹಾಕುವ ಹೊತ್ತಿಗೆ ಮದುವೆಗೆ ಮೂರು ವರ್ಷ ಆಗಿದ್ದು, ಅದರಲ್ಲಿ ಒಂದು ವರ್ಷ ಆ ದೇಶದಲ್ಲಿ ಕಳೆದಿದ್ದರೆ ವಾಸದ ಹಕ್ಕು ಉಳಿಯುತ್ತದೆ. ಮನೆಯೊಳಗಿನ ಹಿಂಸೆಗೆ ತುತ್ತಾದವರಿಗೆ ಅಷ್ಟು ವರ್ಷ ಆಗಿಲ್ಲದಿದ್ದರೂ ರಕ್ಷಣೆಯಿದೆ. ನಿರ್ದೇಶನದ 13ನೇ ವಿಧಿ ಇದು. ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ, ವೈದ್ಯರ ವರದಿ ಇದ್ದರೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಪಾಸ್‌ಪೋರ್ಟನ್ನೂ ಕಾರ್ಡನ್ನೂ ಯಾರ ಕೈಗೂ ಕೊಡಬೇಡಿ.