ಬೋಟಿನ ಕ್ಯಾಬಿನ್‌ಗೆ ಹೊಸ ಕಾರ್ಪೆಟ್ ಹಾಕುವವರಿಗೆ

ಮನೆಗೆ ಹಾಸುವ ಕಾರ್ಪೆಟ್ಟನ್ನೇ ಬೋಟಿಗೂ ತರಬೇಡಿ. ಉಣ್ಣೆ, ಸೆಣಬು ತೇವ ಹೀರಿ ಬೂಷ್ಟು ಹಿಡಿಯುತ್ತವೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನ ಮರೀನ್ (ಬೋಟಿಗೆಂದೇ ಮಾಡಿದ) ಕಾರ್ಪೆಟ್ ಬೇಗ ಒಣಗುತ್ತದೆ. ಬಿಸಿಲು ಬೀಳುವ ಜಾಗವಾದರೆ ಬಣ್ಣ ಮಾಸದ, ಯುವಿ ತಡೆಯುವಂಥದ್ದು ಕೇಳಿ.

ನೆಲಕ್ಕೆ ಅಂಟಿಸದೆ, ಎತ್ತಿ ತೆಗೆಯುವ ಹಾಗೆ ಹಾಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒದ್ದೆಯಾದರೆ ಹೊರಗೆ ಒಣಹಾಕಬಹುದು. ತಳದ ನೀರು ನೋಡಲು ಬಿಲ್ಜ್ (ನೆಲದ ಕೆಳಗೆ ನೀರು ಸೇರುವ ಜಾಗ) ಮುಚ್ಚಳವನ್ನೂ ತೆರೆಯಬೇಕು, ಅಲ್ವಾ? ಮುಚ್ಚಳದ ಮೇಲೆ ಬೇರೆ ತುಂಡೇ ಇರಲಿ. ಅಂಚಿಗೆ ಪಟ್ಟಿ ಹೊಲಿಸಿ, ಸ್ನ್ಯಾಪ್ ಬಟನ್ ಹಾಕಿಸಿ.

ಅಳತೆಗೆ ಬರೀ ಟೇಪ್ ಸಾಲದು. ಬೋಟಿನ ಮೂಲೆಗಳು ಸರಿಯಾಗಿ 90 ಡಿಗ್ರಿ ಇರುವುದು ಅಪರೂಪ. ದಪ್ಪ ಕಾಗದ ಹಾಸಿ ಅಚ್ಚು ತೆಗೆಯಿರಿ. ಹಳೆಯ ಕಾರ್ಪೆಟ್ ಹರಿಯದೆ ಬಂದರೆ ಅದೇ ಅಚ್ಚಾಗುತ್ತದೆ. ಕಾರ್ಪೆಟ್ಟಿನ ಹಿಂಭಾಗದಿಂದ ಕತ್ತರಿಸುವಾಗ ಅಚ್ಚನ್ನೂ ಮಗುಚಿ ಇಡಿ, ಇಲ್ಲದಿದ್ದರೆ ಎಡ ಬಲ ಅದಲುಬದಲಾಗುತ್ತದೆ. ಎಲ್ಲ ತುಂಡುಗಳ ನೂಲೂ ಒಂದೇ ದಿಕ್ಕಿಗೆ ಬಾಗಿರಲಿ. ಒಂದಿಂಚು ಜಾಸ್ತಿ ಬಿಟ್ಟು ಕತ್ತರಿಸಿ, ಬೋಟಿನೊಳಗೇ ಅಂಚು ಸರಿಮಾಡಿ.

ಪಕ್ಕದ ಗೋಡೆಗೆ ಅಂಟಿಸಲೇಬೇಕಾದರೆ ಹಳೆಯ ಅಂಟು ಕೆರೆದು, ಪೂರ್ತಿ ಒಣಗಿಸಿ, ಮರೀನ್ ಅಂಟನ್ನೇ ಬಳಸಿ. ಇಂಥ ಅನೇಕ ಅಂಟುಗಳ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ಬಾಗಿಲು ತೆರೆದಿಡಿ, ಅಂಟು ಒಣಗುವವರೆಗೆ ಒಲೆ ಹಚ್ಚಬೇಡಿ, ಎಂಜಿನ್ ಶುರು ಮಾಡಬೇಡಿ.