ಡೊಂಕು ಚಾವಣಿಗೆ ಚಪ್ಪಟೆ ಗಾಜು ಹಂಚುವುದು ಹೇಗೆ

ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಕುಂಟುವುದಿಲ್ಲ, ನಾಲ್ಕು ಕಾಲಿನದು ಕುಂಟುತ್ತದೆ. ತ್ರಿಕೋನದ ಗಾಜು ಯಾವ ಡೊಂಕಿಗೂ ಒಗ್ಗುವುದು ಇದಕ್ಕೇ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಅಂಗಳದ ಮೇಲೆ 2000ದಲ್ಲಿ ಕೂತ 3,312 ಗಾಜುಗಳೂ ತ್ರಿಕೋನವೇ. ಆದರೆ ಇದು ಪುಕ್ಕಟೆಯಲ್ಲ. ಗಾಜು ಹಿಡಿಯುವ ಸರಳುಗಳ ಜಾಲ ತ್ರಿಕೋನದ್ದಾದರೆ ಒಂದೊಂದು ಗಂಟಿಗೂ 6 ಸರಳು ಬಂದು ಸೇರುತ್ತವೆ, ಚತುರ್ಭುಜದಲ್ಲಿ 4. ಗಂಟುಗಳು ಅಷ್ಟೇ ಇದ್ದರೆ ಸರಳುಗಳಲ್ಲಿ ಮೂರನೇ ಒಂದು ಪಾಲು ಉಳಿತಾಯ. ಹಾಗಾಗಿ ಮೊದಲು ಚತುರ್ಭುಜ ಹಾಕಿ ನೋಡಿ.

ಗಾತ್ರಕ್ಕೆ ಸುಲಭ ಲೆಕ್ಕವಿದೆ: ಉದ್ದದ ವರ್ಗವನ್ನು ಬಾಗಿನ ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿದರೆ ನಡುವಿನ ಉಬ್ಬು, ಅಂದರೆ ಚಪ್ಪಟೆ ಗಾಜಿಗೂ ಡೊಂಕು ಮೇಲ್ಮೈಗೂ ನಡುವೆ ಬೀಳುವ ಅಂತರ, ಸಿಗುತ್ತದೆ. ತ್ರಿಜ್ಯ 20 ಮೀಟರ್, ಗಾಜು 2 ಮೀಟರ್ ಆದರೆ 25 ಮಿ.ಮೀ. ಗಾಜನ್ನು 1 ಮೀಟರಿಗೆ ಇಳಿಸಿದರೆ 6 ಚಿಲ್ಲರೆ.

ಕೆಲಸ ಕೆಡುವುದು ಹೆಚ್ಚಾಗಿ ಜಾಲದ ದಿಕ್ಕಿನಲ್ಲಿ. ಕುದುರೆ ಜೀನಿನಂಥ ಮೇಲ್ಮೈ, ಎರಡೂ ಕಡೆ ತ್ರಿಜ್ಯ 20 ಮೀಟರ್, ಗಾಜು 1.5 ಮೀಟರ್ ಚೌಕ ಎಂದಿಟ್ಟುಕೊಳ್ಳಿ. ಗೆರೆಗಳು ಬಾಗಿನ ದಿಕ್ಕಿನಲ್ಲೇ ಹೋದರೆ ಗಾಜು ಚಪ್ಪಟೆಯಾಗಿ ಕೂರುತ್ತದೆ. ಅದೇ ಜಾಲವನ್ನು 45 ಡಿಗ್ರಿ ತಿರುಗಿಸಿ: ನಾಲ್ಕನೇ ಮೂಲೆ ಉಳಿದ ಮೂರರ ಮಟ್ಟದಿಂದ ಸುಮಾರು 112 ಮಿ.ಮೀ. ಮೇಲೆದ್ದು, ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಮುರುಟುತ್ತದೆ. ಆದ್ದರಿಂದ ಗೆರೆಗಳನ್ನು ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಾಗುವ ದಿಕ್ಕುಗಳಲ್ಲೇ ಎಳೆಯಿರಿ. ಗೋಳದಂಥ ಜಾಗಗಳಲ್ಲಿ ಬಾಗು ಎಲ್ಲ ಕಡೆಗೂ ಒಂದೇ, ಹೀಗೆ ಬೇರೆ ಬೇರೆ ದಿಕ್ಕುಗಳು ಇರುವುದಿಲ್ಲ; ಚತುರ್ಭುಜ ಚಪ್ಪಟೆಯಾಗಿ ಕೂರದ ಕಡೆ ಮಾತ್ರ ತ್ರಿಕೋನಕ್ಕೆ ಇಳಿಯಿರಿ.

ಆಕಾರವೇ ಇನ್ನೂ ನಿಮ್ಮ ಕೈಯಲ್ಲಿದ್ದರೆ ಇಷ್ಟೆಲ್ಲ ಬೇಡ. ಒಂದು ಬಾಗುಗೆರೆಯನ್ನು ತಿರುಗಿಸದೆ ಇನ್ನೊಂದರ ಮೇಲೆ ಜಾರಿಸಿದರೆ ಹುಟ್ಟುವ ಚತುರ್ಭುಜಗಳೆಲ್ಲ ಚಪ್ಪಟೆಯೇ. ಬರ್ಲಿನ್ ಮೃಗಾಲಯದ ನೀರಾನೆ ಮನೆಯ ಗಾಜಿನ ಗುಮ್ಮಟ ಈ ಬಗೆಯದು.

ಉಳಿದ ಮುರುಟನ್ನು ಕಂಗಾರೂದಲ್ಲಿ (ರೈನೊ ಎಂಬ 3D ವಿನ್ಯಾಸ ತಂತ್ರಾಂಶದ ಗ್ರಾಸ್‌ಹಾಪರ್‌ ಒಳಗೆ ಓಡುವ, ಬಿಂದುಗಳನ್ನು ಎಳೆದು ಆಕಾರ ಸರಿಪಡಿಸುವ ಸಲಕರಣೆ) ತೆಗೆಯಿರಿ. ಅಂಚಿನ ಬಿಂದುಗಳನ್ನು ಕಟ್ಟಿಹಾಕಿ, ಒಳಗಿನವನ್ನು ಮೂಲ ಮೇಲ್ಮೈಗೆ ಮೆತ್ತಗೆ ಎಳೆದು ಹಿಡಿಯಿರಿ, ಇಲ್ಲವಾದರೆ ಚಾವಣಿಯೇ ಆಕಾರ ಬಿಟ್ಟು ಹೋಗುತ್ತದೆ. ಅಳತೆಯಲ್ಲಿ ಒಂದು ಮೋಸವಿದೆ: ಎರಡು ಕರ್ಣಗಳ ನಡುವಿನ ಅಂತರ 3 ಮಿ.ಮೀ. ಬಂದರೆ ಮೂಲೆ ಎದ್ದಿರುವುದು ಸುಮಾರು 6. ಗಾಜಿನವರು ಹೇಳುವ ಮಿತಿ ಯಾವುದರದ್ದು ಎಂದು ಬರಹದಲ್ಲೇ ಪಡೆಯಿರಿ. ಜೋಡಿ ಗಾಜನ್ನು (ಅಂಚು ಮುಚ್ಚಿ ಸೇರಿಸಿದ ಎರಡು ಹಾಳೆ) ಬಾಗಿಸಿ ಕೂರಿಸಿದರೆ ಅಂಚಿನ ಸೀಲ್ ಮೇಲೆ ಸದಾ ಎಳೆತವಿರುತ್ತದೆ.

ಕತ್ತರಿಸುವ ನಕ್ಷೆಯಲ್ಲಿ ಸಂದಿನ ಅರ್ಧ ಅಗಲವನ್ನು ಪ್ರತಿ ಅಂಚಿನಿಂದಲೂ ಕಳೆಯಿರಿ. ನಂಬರಿನ ಜೊತೆ ಮೇಲಿನ ತುದಿಗೆ ಬಾಣ, ಹೊರಮೈ ಯಾವುದೆಂಬ ಗುರುತು ಎರಡೂ ಇರಲಿ. ಒಳಗಿನಿಂದ ನೋಡಿ ಬರೆದ ನಕ್ಷೆಯನ್ನು ಹೊರಗಿನದೆಂದು ಕತ್ತರಿಸಿದರೆ ಕನ್ನಡಿಯಲ್ಲಿ ಕಂಡಂತೆ ತಿರುವು ಗಾಜು ಬರುತ್ತದೆ. ಟಫನ್ ಆದ (ಕಾಯಿಸಿ ಗಟ್ಟಿಮಾಡಿದ) ಮೇಲೆ ಅದನ್ನು ಮತ್ತೆ ಕತ್ತರಿಸಲು ಬರುವುದಿಲ್ಲ.