ಗೊತ್ತಿಲ್ಲದ್ದನ್ನು ಸೊನ್ನೆ ಅಂತ ಬರೆಯಬೇಡಿ: ಕರ್ನಲ್‌ನಲ್ಲಿ ಮೆಮೊರಿ ಎರರ್ ವರದಿ ಮಾಡುವ ಬಗೆ

ಒಂದು ಸರ್ವರ್‌ನ ಲಾಗ್‌ನಲ್ಲಿ ದಿನಾ ಒಂದೇ ಸಾಲು ಬರುತ್ತಿತ್ತು: ಚಾನೆಲ್ 0 (ಪ್ರೊಸೆಸರ್‌ನಿಂದ ಮೆಮೊರಿಗೆ ಹೋಗುವ ಒಂದು ದಾರಿ), ಸ್ಲಾಟ್ 0, ಸರಿಪಡಿಸಿದ ಎರರ್. ಆ ಸ್ಲಾಟ್‌ನ ರ‍್ಯಾಮ್ ಬದಲಾಯಿಸಿದೆವು. ನಿಲ್ಲಲಿಲ್ಲ. ಇನ್ನೊಂದು ಹೊಸದು ಹಾಕಿದೆವು, ಮತ್ತೆ ಅದೇ ಕಥೆ. ಕೊನೆಗೆ ಡ್ರೈವರ್ ಕೋಡ್ ತೆಗೆದು ನೋಡಿದರೆ, ಎರರ್ ಯಾವ ವಿಳಾಸದಲ್ಲಿ ಆಯಿತು ಅಂತ ಹಾರ್ಡ್‌ವೇರ್ ಹೇಳಿಯೇ ಇರಲಿಲ್ಲ. ಖಾಲಿ ಬಿದ್ದಿದ್ದ ರಿಜಿಸ್ಟರ್‌ನ (ಹಾರ್ಡ್‌ವೇರ್ ಮಾಹಿತಿ ಇಡುವ ಪುಟ್ಟ ಜಾಗದ) ಸೊನ್ನೆಯನ್ನೇ ಡ್ರೈವರ್ ವಿಳಾಸ ಅಂದುಕೊಂಡು, ಲೆಕ್ಕ ಹಾಕಿ, ಮೊದಲ ಸ್ಲಾಟ್‌ಗೆ ಬೆರಳು ತೋರಿಸಿತ್ತು. ಹಾಳಾದ ರ‍್ಯಾಮ್ ಬೇರೆ ಸ್ಲಾಟ್‌ನಲ್ಲಿ ಹಾಯಾಗಿ ಕೂತಿತ್ತು.

ನೀವು ಲಿನಕ್ಸ್‌ನ ಇಡ್ಯಾಕ್ (EDAC, ಕರ್ನಲ್‌ನಲ್ಲಿ ಮೆಮೊರಿ ಎರರ್ ವರದಿ ಮಾಡುವ ಭಾಗ) ಡ್ರೈವರ್ ಬರೆಯುತ್ತಿದ್ದರೆ ಅಥವಾ ತಿದ್ದುತ್ತಿದ್ದರೆ ಮೊದಲು ಇದನ್ನು ನೋಡಿಕೊಳ್ಳಿ. ಇಂಟೆಲ್ ಪ್ರೊಸೆಸರ್‌ನ ಉದಾಹರಣೆಯನ್ನೇ ಹಿಡಿಯೋಣ.

ಪ್ರತಿ ಎರರ್ ಬ್ಯಾಂಕ್‌ಗೂ (ಎರರ್ ದಾಖಲಿಸುವ ರಿಜಿಸ್ಟರ್‌ಗಳ ಗುಂಪಿಗೂ) 64 ಬಿಟ್‌ನ ಒಂದು ಸ್ಟೇಟಸ್ ರಿಜಿಸ್ಟರ್ ಇರುತ್ತದೆ. 63ನೇ ಬಿಟ್ ಇಲ್ಲದಿದ್ದರೆ (ಅಂದರೆ 1 ಆಗಿಲ್ಲದಿದ್ದರೆ) ಅಲ್ಲಿ ಎರರ್ರೇ ಇಲ್ಲ, ಮುಂದೆ ಹೋಗಿ. 61 ಇದ್ದರೆ ಸರಿಪಡಿಸಲು ಆಗದ ಎರರ್. 58 ಇದ್ದರೆ ಮಾತ್ರ ವಿಳಾಸದ ರಿಜಿಸ್ಟರ್ ನಂಬಬಹುದು, 59 ಇದ್ದರೆ ಮಾತ್ರ ಮಿಸ್ಕ್ (MISC, ಹೆಚ್ಚಿನ ವಿವರದ) ರಿಜಿಸ್ಟರ್. ಈ ಎರಡು ಬಿಟ್ ನೋಡದೆ ವಿಳಾಸ ಓದುವುದೇ ನಾನು ಮೇಲೆ ಹೇಳಿದ ಪಾಡಿಗೆ ಕಾರಣ.

ವಿಳಾಸ ಸಿಕ್ಕಿತು ಅಂತ ಪೂರ್ತಿ ನಂಬುವ ಹಾಗೂ ಇಲ್ಲ. ಅದು ಎಷ್ಟು ನಿಖರ ಅನ್ನುವುದು ಮಿಸ್ಕ್‌ನ ಕೆಳಗಿನ 6 ಬಿಟ್‌ಗಳಲ್ಲಿ ಇರುತ್ತದೆ. ಅಲ್ಲಿ 6 ಇದ್ದರೆ 64 ಬೈಟ್‌ನಷ್ಟು ನಿಖರ, 12 ಇದ್ದರೆ ಇಡೀ 4 ಕೆಬಿ ಪುಟದಲ್ಲಿ ಎಲ್ಲೋ ಒಂದು ಕಡೆ ಅಂತ ಅರ್ಥ. ವಿಳಾಸದಲ್ಲಿ ಅದಕ್ಕಿಂತ ಕೆಳಗಿನ ಬಿಟ್‌ಗಳನ್ನು ಸುಮ್ನೆ ಪ್ರಿಂಟ್ ಮಾಡಿದರೆ ಓದುವವರು ಇಲ್ಲದ ನಿಖರತೆಯನ್ನು ನಂಬುತ್ತಾರೆ. ಚಾನೆಲ್ ಕಥೆಯೂ ಹಾಗೇ. ಮೆಮೊರಿ ಕಂಟ್ರೋಲರ್‌ನ ಎರರ್ ಕೋಡ್‌ನಲ್ಲಿ ಕೊನೆಯ 4 ಬಿಟ್ ಚಾನೆಲ್ ಸಂಖ್ಯೆ, ಆದರೆ ನಾಲ್ಕೂ 1 ಇದ್ದರೆ ಅದು 15ನೇ ಚಾನೆಲ್ ಅಲ್ಲ, ‘ಯಾವುದು ಅಂತ ಹೇಳಿಲ್ಲ’ ಅಂತ.

ಈಗ ಇಡ್ಯಾಕ್‌ಗೆ ವರದಿ ಕೊಡುವ ಜಾಗಕ್ಕೆ ಬನ್ನಿ. ಜಾಗ ಹೇಳಲು ಅದು ಮೂರು ಪದರಗಳ (ಚಾನೆಲ್, ಸ್ಲಾಟ್ ಥರದ) ಸಂಖ್ಯೆ ಕೇಳುತ್ತದೆ. ಗೊತ್ತಿಲ್ಲದ ಪದರಕ್ಕೆ -1 ಕೊಡಿ. ಚಾನೆಲ್ ಗೊತ್ತು, ಸ್ಲಾಟ್ ಗೊತ್ತಿಲ್ಲ ಅಂದರೆ ಕರ್ನಲ್ ಆ ಚಾನೆಲ್‌ನ ರ‍್ಯಾಮ್‌ಗಳ ಹೆಸರನ್ನೆಲ್ಲ ‘ಇದು ಅಥವಾ ಅದು’ ಅಂತ ಜೋಡಿಸಿ ತೋರಿಸುತ್ತದೆ, ಏನೂ ಗೊತ್ತಿಲ್ಲದ ಎರರ್‌ಗಳಿಗೆ ಬೇರೆ ಎಣಿಕೆಯೇ ಇದೆ. ಡೇಟಾ ಸೆಂಟರ್‌ನಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತವರಿಗೆ ಎರಡು ರ‍್ಯಾಮ್ ಮೇಲೆ ಅನುಮಾನ ಅನ್ನುವುದು ಒಂದು ತಪ್ಪು ಹೆಸರಿಗಿಂತ ಎಷ್ಟೋ ವಾಸಿ, ಅಲ್ವಾ?

ಎಣಿಕೆಯಲ್ಲೂ ಜಾಗ್ರತೆ ಬೇಕು. ಒಂದು ಇಂಟರಪ್ಟ್ (ಪ್ರೊಸೆಸರ್‌ನ ಗಮನ ಸೆಳೆಯುವ ಸೂಚನೆ) ಬಂತು ಅಂದರೆ ಒಂದೇ ಎರರ್ ಅಂತಲ್ಲ. ಪ್ರೊಸೆಸರ್‌ಗೆ ಸಿಎಂಸಿಐ (ಸರಿಪಡಿಸಿದ ಎರರ್‌ಗಳಿಗೆ ಇಂಟರಪ್ಟ್ ಕಳಿಸುವ) ಸೌಲಭ್ಯ ಇದ್ದರೆ ಸ್ಟೇಟಸ್ ರಿಜಿಸ್ಟರ್‌ನ 38ರಿಂದ 52ನೇ ಬಿಟ್‌ವರೆಗೆ ಸರಿಪಡಿಸಿದ ಎರರ್‌ಗಳ ಲೆಕ್ಕ ಇರುತ್ತದೆ, ಅದನ್ನೇ ಕೊಡಿ. 62ನೇ ಬಿಟ್ ಇದ್ದರೆ ನಡುವೆ ಕೆಲವು ಎರರ್‌ಗಳ ವಿವರ ಕಳೆದುಹೋಗಿದೆ, ಅದನ್ನೂ ಸಂದೇಶದಲ್ಲಿ ಹೇಳಿಬಿಡಿ.

ಫರ್ಮ್‌ವೇರ್ ಮೊದಲು ಎರರ್ ನೋಡಿ ಆಮೇಲೆ ಕರ್ನಲ್‌ಗೆ ದಾಟಿಸುವ ಯಂತ್ರಗಳಲ್ಲೂ ನಿಯಮ ಇದೇ. ಅಲ್ಲಿನ ಮೆಮೊರಿ ದಾಖಲೆಯಲ್ಲಿ ವಿಳಾಸ, ಮೆಮೊರಿ ಚಿಪ್ ಒಳಗಿನ ಬ್ಯಾಂಕ್, ಸಾಲು ಎಲ್ಲಕ್ಕೂ ಒಂದೊಂದು ‘ಇದು ನಿಜಕ್ಕೂ ತುಂಬಿದೆ’ ಬಿಟ್ ಇರುತ್ತದೆ.

ಲಾಗ್ ತುಂಬಿಸಬೇಡಿ. ಸರಿಪಡಿಸಿದ ಪ್ರತಿ ಎರರ್‌ಗೂ ಸ್ವಂತ ಪ್ರಿಂಟ್ ಹಾಕಿದರೆ ಕೆಟ್ಟ ರ‍್ಯಾಮ್ ಒಂದು ಗಂಟೆಯಲ್ಲಿ ಉಳಿದ ಸಂದೇಶಗಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಇಡ್ಯಾಕ್ ಮೂಲಕ ಹೋದರೆ ಟ್ರೇಸ್ ಈವೆಂಟ್ (ಬೇರೆ ಪ್ರೋಗ್ರಾಂಗಳು ಓದಬಲ್ಲ ಕರ್ನಲ್ ಸೂಚನೆ) ತಾನಾಗಿಯೇ ಹೊರಡುತ್ತದೆ, ರಾಸ್‌ಡೀಮನ್ ಅನ್ನುವ ಹಿನ್ನೆಲೆ ಪ್ರೋಗ್ರಾಂ ಅದನ್ನು ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಬರೆದುಕೊಳ್ಳಬಲ್ಲದು.

ಇನ್ನು ಹೆಸರಿನ ವಿಚಾರ. ಕರ್ನಲ್ ಎಣಿಸುವ ಸ್ಲಾಟ್ 0, ಬೋರ್ಡ್ ಮೇಲೆ ಅಚ್ಚಾಗಿರುವ ‘ಎ1’ ಆಗಿರಲೇಬೇಕು ಅಂತಿಲ್ಲ. ಬಯಾಸ್ ಕೊಡುವ ಹೆಸರನ್ನೂ ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಯಂತ್ರ ಆಫ್ ಮಾಡಿ, ಒಂದೊಂದೇ ರ‍್ಯಾಮ್ ತೆಗೆದು, ಬೂಟ್ ಮಾಡಿ, ಪಟ್ಟಿಯಿಂದ ಯಾವುದು ಮಾಯವಾಯಿತು ಅಂತ ನೋಡಿ ಬರೆದುಕೊಳ್ಳಿ. ಬೇಜಾರಿನ ಕೆಲಸ, ಆದರೆ ಒಂದೇ ಸಲ ಮಾಡಿದರೆ ಸಾಕು.

ಪರೀಕ್ಷೆಗೆ ಎಂಸಿಇ ಇಂಜೆಕ್ಟ್ (mce-inject, ಹಾರ್ಡ್‌ವೇರ್ ಎರರ್ ಬಂದ ಹಾಗೆ ನಟಿಸುವ) ಕರ್ನಲ್ ಮಾಡ್ಯೂಲ್ ಲೋಡ್ ಮಾಡಿ. ಅದರ ಸಾಫ್ಟ್‌ವೇರ್ ಮೋಡ್‌ನಲ್ಲಿ ಹಾರ್ಡ್‌ವೇರ್ ಮುಟ್ಟದೆ ಸುಳ್ಳು ಎರರ್ ತಯಾರಿಸಬಹುದು. ಎಲ್ಲಾ ಬಿಟ್ ಸರಿಯಿರುವ ಎರರ್ ಕಳಿಸಿ ಖುಷಿಪಡುವವರೇ ಜಾಸ್ತಿ. ನೀವು 58ನೇ ಬಿಟ್ ತೆಗೆದು, ವಿಳಾಸ ಸೊನ್ನೆ ಇಟ್ಟು ಒಂದು ಕಳಿಸಿ. ಆಗಲೂ ಡ್ರೈವರ್ ಯಾವುದೋ ಒಂದು ಸ್ಲಾಟ್ ಹೆಸರು ಹೇಳಿದರೆ ಕೋಡ್‌ಗೆ ವಾಪಸ್ ಹೋಗಿ.